ಗದ್ದೆ ಪಾಳು ಬಿಟ್ಟಿದೀವಿ, ಮಗ ದೇಶದ ಅನ್ನದ ಲೆಕ್ಕ ಕೇಳ್ತಾನೆ

ಪ್ರಶ್ನೆ: ಸರ್ ನಮಸ್ತೆ, ನಾವು ಪೊನ್ನಂಪೇಟೆ ಕಡೆಯವ್ರು. ಎರಡೂವರೆ ಎಕರೆ ಗದ್ದೆ ಆರು ವರ್ಷದಿಂದ ಪಾಳು ಬಿದ್ದಿದೆ, ತೋಟ ಮಾತ್ರ ನೋಡ್ಕೋತಿದೀವಿ. ಪಿಯುಸಿ ಓದೋ ಮಗ ಊಟಕ್ಕೆ ಕೂತ್ರೆ ಸಾಕು ವಾದ ಶುರು ಮಾಡ್ತಾನೆ, ಬಡ ದೇಶಗಳಲ್ಲಿ ಆಹಾರ ಸಾಲ್ತಿಲ್ಲ ಅಂದ್ರೆ ಸರ್ಕಾರ ಹೈಬ್ರಿಡ್ ಬೀಜ, ಗೊಬ್ಬರ ಹಂಚಿದ್ರೆ ಮುಗೀತಲ್ವಾ, ನೀವೂ ಹಾಗೇ ಗದ್ದೆ ಮಾಡಿ ಅಂತ. ಏನ್ ಹೇಳ್ಲಿ?

ಉತ್ತರ: ಅವನ ಮಾತು ಅರ್ಧ ಸರಿ ಮೇಡಂ. ಇನ್ನರ್ಧಕ್ಕೆ ನಿಮ್ಮ ಗದ್ದೆನೇ ತೋರ್ಸಿ. ಬತ್ತದ ತಳಿ ಇಂಟಾನ್ ಬೇಕಾ ತುಂಗಾ ಬೇಕಾ, ಬೀಜ ಸಿಗುತ್ತೆ. ಗೊಬ್ಬರ ಗೋಣಿಕೊಪ್ಪದಲ್ಲಿದೆ. ಮಳೆ ಅಂತೂ ಬೇಡ ಅಂದ್ರೂ ಬರುತ್ತೆ. ಆದ್ರೂ ಯಾಕೆ ಬಿಟ್ರಿ? ಬತ್ತ ಕೊಯ್ಯೋ ಹೊತ್ತಿಗೆ ಸರಿಯಾಗಿ ಕಾಫಿನೂ ಹಣ್ಣಾಗಿರುತ್ತೆ, ಆಳು ಎರಡೂ ಕಡೆ ಸಾಲಲ್ಲ, ಕೆಸರಿನ ಸಣ್ಣ ಗದ್ದೆಗೆ ಮಿಷನ್ ಇಳಿಯಲ್ಲ, ಇನ್ನೇನು ಸುಗ್ಗಿ ಹಬ್ಬ ಹುತ್ತರಿ ಬಂತು ಅನ್ನುವಾಗ ರಾತ್ರಿ ಆನೆ ಬಂದು ತುಳ್ದು ಹೋಗುತ್ತೆ, ಇದೆಲ್ಲಾ ದಾಟಿ ಮನೆಗೆ ಬಂದಿದ್ದನ್ನ ಮಾರಿದ್ರೆ ಹಾಕಿದ ದುಡ್ಡೇ ಹುಟ್ಟಲ್ಲ. ಕೊರತೆ ಇರೋ ಎಷ್ಟೋ ದೇಶಗಳ ರೈತನ ಕಥೆನೂ ಹೆಚ್ಚುಕಮ್ಮಿ ಇದೇ, ಆನೆ ಬದ್ಲು ಇನ್ನೇನೋ ಇರುತ್ತೆ ಅಷ್ಟೆ.

ನಮ್ಮ ದೇಶದ್ದೇ ನೋಡಿ. 1965, 66 ಎರಡು ವರ್ಷ ಬೆನ್ನುಬೆನ್ನಿಗೆ ಬರ, ಅಮೆರಿಕದ ಗೋಧಿ ಹಡಗು ಯಾವಾಗ ಬರುತ್ತೆ ಅಂತ ಕಾಯೋ ಸ್ಥಿತಿ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಿದ್ರು. ಇದು ಹೈಬ್ರಿಡ್ ಅಲ್ಲ ಅಂತ ಮಗನಿಗೆ ಹೇಳಿ, ಗಿಡ್ಡ ತಳಿ, ಗೊಬ್ಬರ ಜಾಸ್ತಿ ಹಾಕಿದ್ರೂ ತೆನೆ ಭಾರಕ್ಕೆ ಮಲಗಲ್ಲ, ಮುಂದಿನ ವರ್ಷಕ್ಕೆ ಬೀಜ ಮನೇಲೇ ಎತ್ತಿಟ್ಕೋಬಹುದು. 1965-66ರಲ್ಲಿ ಒಂದು ಕೋಟಿ ಟನ್ ಚಿಲ್ಲರೆ ಇದ್ದ ಗೋಧಿ 1967-68ಕ್ಕೆ 1.65 ಕೋಟಿ ಟನ್ ಹತ್ರ ಹೋಯ್ತು. ಎಲ್ರೂ ಬೀಜದ ಕಥೆ ಹೇಳ್ತಾರೆ, ಆದ್ರೆ ಅದಕ್ಕಿಂತ ಮುಂಚೆನೇ, 1965ರ ಜನವರಿಯಲ್ಲಿ, ಸಿ. ಸುಬ್ರಮಣ್ಯಂ ಕೃಷಿ ಮಂತ್ರಿ ಆಗಿದ್ದಾಗ ಭಾರತೀಯ ಆಹಾರ ನಿಗಮ ಮತ್ತೆ ಬೆಂಬಲ ಬೆಲೆ ಶಿಫಾರಸು ಮಾಡೋ ಆಯೋಗ ಎರಡೂ ಬಂದಿದ್ವು. ಬೆಳೆದ್ರೆ ಕೊಳ್ಳೋರು ಇದಾರೆ ಅನ್ನೋ ಧೈರ್ಯ ಇದ್ದಿದ್ದಕ್ಕೇ ಪಂಜಾಬ್ ರೈತ ಸಾಲ ಮಾಡಿ ಬೋರ್ ಹೊಡ್ಸಿದ್ದು. (ಆ ಬೋರುಗಳೇ ಈಗ ಅಲ್ಲಿನ ಅಂತರ್ಜಲ ಬತ್ತಿಸ್ತಿವೆ, ಅದು ಬೇರೆ ಸಂಕಟ.)

ನಂಗೆ ಇನ್ನೂ ಇಷ್ಟವಾದ ಉದಾಹರಣೆ ವಿಯೆಟ್ನಾಂ. ಅಕ್ಕಿ ಆಮದು ಮಾಡ್ಕೋತಿದ್ದ ದೇಶ. ಗದ್ದೆಯೆಲ್ಲಾ ಸಾಮೂಹಿಕ ಸಹಕಾರಿಗಳ ಕೈಲಿತ್ತು, ಬೆವರು ಸುರಿಸಿದೋನಿಗೂ ಸುಮ್ನೆ ಬದು ಮೇಲೆ ಕೂತೋನಿಗೂ ಪಾಲಲ್ಲಿ ಅಂಥ ವ್ಯತ್ಯಾಸ ಇರ್ಲಿಲ್ಲ. 1988ರಲ್ಲಿ ಜಮೀನನ್ನ ವರ್ಷಗಟ್ಟಲೆಗೆ ಕುಟುಂಬಗಳಿಗೇ ವಹಿಸಿ, ಬೆಳೆ ಮಾರೋ ಸ್ವಾತಂತ್ರ್ಯನೂ ಕೊಟ್ರು, 1989ರಲ್ಲೇ ಹತ್ತು ಲಕ್ಷ ಟನ್‌ಗಿಂತ ಜಾಸ್ತಿ ಅಕ್ಕಿ ರಫ್ತಾಯ್ತು. ಅದೇ ಮಣ್ಣು, ಅದೇ ಜನ.

ಮಗ ಹೇಳೋ ದಾರಿ ಹಿಡಿದಿದ್ದು ಆಫ್ರಿಕಾದ ಮಲಾವಿ. 2005ರ ಬರದಲ್ಲಿ ಲಕ್ಷಾಂತರ ಜನ ಹಸಿದ್ರು, ಸರ್ಕಾರ ಬೀಜ, ಗೊಬ್ಬರನ ಸಬ್ಸಿಡಿ ಕೂಪನ್‌ನಲ್ಲಿ ಕೊಡ್ತು, ಮಳೆನೂ ಕೈ ಹಿಡೀತು, ಮರುವರ್ಷವೇ ಮೆಕ್ಕೆಜೋಳ ಡಬಲ್. ಕೆಲ್ಸ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕೃಷಿ ಬಜೆಟ್‌ನ ದೊಡ್ಡ ಪಾಲನ್ನ ಗೊಬ್ಬರನೇ ನುಂಗೋಕೆ ಶುರುವಾಯ್ತು, ನೀರಾವರಿಗೆ ಗಮನ ಕಮ್ಮಿ ಆಯ್ತು, 2016ರಲ್ಲಿ ಮಳೆ ಕೈ ಕೊಟ್ಟಾಗ ಮತ್ತೆ ಅನ್ನಕ್ಕೆ ಕೈ ಚಾಚಬೇಕಾಯ್ತು.

ನಿಮ್ಮ ಗದ್ದೆ ವಿಷ್ಯಕ್ಕೆ ಬರೋಣ. ಒಬ್ರೇ ಮಾಡೋಕೆ ಹೋಗ್ಬೇಡಿ. ಸುತ್ತ ಎಲ್ಲಾ ಪಾಳಿದ್ದು ನಿಮ್ದೊಂದೇ ಹಸಿರಿದ್ರೆ ಇಡೀ ಊರಿನ ಆನೆ, ಹಂದಿ, ಹಕ್ಕಿಗೆಲ್ಲಾ ನೀವೇ ಊಟ ಹಾಕ್ದಂಗೆ. ಪಕ್ಕದ ನಾಲ್ಕೈದು ಮನೆಯವ್ರು ಒಪ್ಪಿದ್ರೆ ಸೋಲಾರ್ ಬೇಲಿ, ಟಿಲ್ಲರ್ ಬಾಡಿಗೆ ಹಂಚ್ಕೋಬಹುದು, ಆಗ ಮೊದಲ ವರ್ಷ ಮನೆ ಖರ್ಚಿಗೆ ಒಂದೆಕರೆ ಮಾಡಿ ಸಾಕು. ಯಾರೂ ಒಪ್ಪಲಿಲ್ವಾ, ಪರ್ವಾಗಿಲ್ಲ, ಬದು ಮಾತ್ರ ಒಡೆಯೋಕೆ ಬಿಡ್ಬೇಡಿ, ಮಣ್ಣು ತುಂಬಿಸಿ ಅಡಿಕೆ ಹಾಕ್ಬೇಡಿ. ಗದ್ದೇಲಿ ನಿಂತ ನೀರೇ ಅಕ್ಕಪಕ್ಕದ ಬಾವಿಗೆ ಇಳಿಯೋದು.

ಪ್ರಶ್ನೆ: ಶ್ರೀಲಂಕಾದಲ್ಲಿ ಸಾವಯವ ಅಂತ ಹೋಗಿ ಅಕ್ಕಿಗೇ ಗತಿ ಇಲ್ದಂಗಾಯ್ತು ಅಂತಾರೆ. ನಾನು ಶನಿವಾರಸಂತೆ ಹತ್ರ ಒಂದೆಕರೆ ಬತ್ತ ಸಾವಯವ ಮಾಡ್ಬೇಕು ಅಂತಿದೀನಿ, ಬಿಟ್ಬಿಡ್ಲಾ?

ಉತ್ತರ: ಬಿಡ್ಬೇಡಿ, ಅಲ್ಲಿ ಎಡವಟ್ಟಾಗಿದ್ದು ಅವಸರದಿಂದ. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನ ಇದ್ದಕ್ಕಿದ್ದಂಗೆ ನಿಲ್ಸಿದ್ರು, ಬದಲಿಗೆ ಬೇಕಾದಷ್ಟು ಕಾಂಪೋಸ್ಟೇ ರೆಡಿ ಇರ್ಲಿಲ್ಲ, ನವೆಂಬರ್‌ಗೆ ಆದೇಶ ವಾಪಸ್ ತಗೊಂಡ್ರೂ ಅಷ್ಟೊತ್ತಿಗೆ ಬೆಳೆ ಏಟು ತಿಂದಿತ್ತು. ನಿಮ್ಮನೆ ಕೊಟ್ಟಿಗೇಲಿ ಎಷ್ಟು ಗೊಬ್ಬರ ಆಗುತ್ತೆ ಅಂತ ಮೊದ್ಲು ಲೆಕ್ಕ ಹಾಕಿ, ಅಷ್ಟಕ್ಕೇ ಎಷ್ಟು ಜಾಗ ಸಾಕೋ ಅಷ್ಟು ಮಾಡಿ, ಕಾಲೆಕರೆ ಆದ್ರೆ ಕಾಲೆಕರೆ. ನಮ್ಮ ಕಡೆ ಮಳೆಗೆ ಮಣ್ಣು ಹುಳಿ ಆಗಿರುತ್ತೆ, ಎಷ್ಟು ಗೊಬ್ಬರ ಹಾಕಿದ್ರೂ ಪೈರಿಗೆ ಪೂರ್ತಿ ದಕ್ಕಲ್ಲ, ಅದ್ಕೆ ಬೇಸಿಗೇಲೇ ಮಣ್ಣು ಪರೀಕ್ಷೆ ಮಾಡ್ಸಿ ಅವ್ರು ಹೇಳಿದಷ್ಟು ಕೃಷಿ ಸುಣ್ಣ ನಾಟಿಗೆ ಎರಡು ಮೂರು ವಾರ ಮುಂಚೆ ಹಾಕಿ. ಉಳಿದ ಗದ್ದೆಗೆ ಯೂರಿಯಾ ಹಾಕೋದಿದ್ರೆ ಸುಣ್ಣದ ಜೊತೆ ಮಾತ್ರ ಎರಚ್ಬೇಡಿ, ಸಾರಜನಕ ಗಾಳಿಗೆ ಹೋಗುತ್ತೆ.