ನಿಲ್ದಾಣದ ಮುಂದಿನ ದೀಪ ಮಳೆಗೇಕೆ ಆರುತ್ತದೆ?

ಪ್ರಶ್ನೆ: ನಮ್ಮೂರಿನ ರೈಲು ನಿಲ್ದಾಣದ ಮುಂದಿನ ಅಂಗಳದಲ್ಲಿ 24 ಗಿಡ್ಡ ಕಂಬಗಳ ಎಲ್‌ಇಡಿ ದೀಪಗಳಿವೆ. ನಿರ್ವಹಣೆ ನಮ್ಮ ಸಂಘದ್ದು. ಜೋರು ಮಳೆ ಬಂದರೆ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ಟ್ರಿಪ್ ಆಗಿ ಅಷ್ಟೂ ಆರುತ್ತವೆ. ಮರುದಿನ ಮಧ್ಯಾಹ್ನ ಸ್ವಿಚ್ ಎತ್ತಿದರೆ ಮತ್ತೆ ಬೀಳದೆ ನಿಲ್ಲುತ್ತದೆ. ಅದನ್ನು ತೆಗೆದು ಬರೀ ಎಂಸಿಬಿ (ಓವರ್‌ಲೋಡ್ ಇಲ್ಲವೇ ಶಾರ್ಟ್ ಆದಾಗ ಬೀಳುವ ಸ್ವಿಚ್) ಹಾಕಿದರೆ ಸಾಕೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅವು ಮಕ್ಕಳ ಕೈಗೆಟುಕುವ ಲೋಹದ ಕಂಬಗಳು. ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿರುವುದರಿಂದಲೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೀಳುತ್ತಿದೆ. ಎಂಸಿಬಿಗೆ ಇಷ್ಟು ಸಣ್ಣ ಸೋರಿಕೆ ತಿಳಿಯುವುದೇ ಇಲ್ಲ.

ಸೋರುವ ಕಂಬ ಹುಡುಕಲು ಎಲೆಕ್ಟ್ರಿಷಿಯನ್ನರನ್ನು ಮಳೆಯ ಮರುದಿನ ಬೆಳಿಗ್ಗೆಯೇ ಕರೆಸಿ. ಬಿಸಿಲೇರಿ ತೇವ ಒಣಗಿದರೆ ಮೆಗ್ಗರ್‌ನಲ್ಲಿ (ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್) ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಮೇನ್ ಆಫ್ ಮಾಡಿ ಬೀಗ ಹಾಕಿಸಿ. ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಭಾಗ), ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ತನೆ ಏರಿದಾಗ ಕಾಯುವ ಭಾಗ) ಕಳಚಿಟ್ಟು, ಸಾಲಿನ ನಡುವಿನ ಕಂಬದಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಬಿಡಿಸಬೇಕು. ನ್ಯೂಟ್ರಲ್ ಸೋರಿದರೂ ಆರ್‌ಸಿಸಿಬಿ ಬೀಳುತ್ತದೆ. ಎರಡೂ ತಂತಿ ಸೇರಿಸಿ ಅರ್ಥ್‌ಗೆ ಮೆಗ್ಗರ್‌ನಿಂದ 500 ವೋಲ್ಟ್‌ನಲ್ಲಿ ಅಳೆಯಲಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿದ ಅರ್ಧವನ್ನು ಮತ್ತೆ ಎರಡು ಮಾಡಿ. ಐದು ಸಲದೊಳಗೆ ಆ ಕಂಬ ಸಿಗುತ್ತದೆ. ತಂತಿಯೆಲ್ಲ ಸರಿಯಿದ್ದರೆ ಡ್ರೈವರ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ನೋಡಬೇಕು.

ಕಂಬದ ತಂತಿ ಜೋಡಿಸುವ ಬಾಕ್ಸ್ ತೆರೆದಾಗ ಸ್ಕ್ರೂ ಸುತ್ತ ಹಸಿರು ಪುಡಿ, ತಳದಲ್ಲಿ ಒಂದೆರಡು ಚಮಚ ನೀರು, ಇರುವೆ ತಂದ ಮಣ್ಣು ಕಂಡರೆ ಮೊದಲು ಗ್ಲ್ಯಾಂಡ್ (ಕೇಬಲ್ ಬಾಕ್ಸಿನೊಳಗೆ ಹೋಗುವಲ್ಲಿ ಅದನ್ನು ಬಿಗಿಹಿಡಿಯುವ ಬಿರಡೆ) ನೋಡಿ. ಅದರ ರಬ್ಬರ್ ದುಂಡನೆಯ ಕೇಬಲನ್ನಷ್ಟೇ ಬಿಗಿಯಾಗಿ ಹಿಡಿಯುತ್ತದೆ. ಮೂರು ಬಿಡಿ ತಂತಿ ತೂರಿಸಿದ್ದರೆ ನಡುವೆ ಸಂದಿ ಉಳಿಯುತ್ತದೆ. ದೀಪ ಆರಿಸಿದ ಮೇಲೆ ಒಳಗಿನ ಬಿಸಿಗಾಳಿ ತಣಿದು ಕುಗ್ಗುವಾಗ ಅಲ್ಲಿಂದಲೇ ತೇವ ಎಳೆದುಕೊಳ್ಳುತ್ತದೆ. ತಾಮ್ರ ಹೊಳೆಯುವವರೆಗೆ ತಂತಿ ಕತ್ತರಿಸಿ, 3 ಕೋರ್ ದುಂಡು ಕೇಬಲ್, ಅದರ ದಪ್ಪಕ್ಕೆ ಹೊಂದುವ ಐಪಿ68 (ನೀರು, ದೂಳು ಒಳನುಗ್ಗದ ದರ್ಜೆಯ) ಗ್ಲ್ಯಾಂಡ್ ಹಾಕಿಸಿ. ಕೇಬಲ್ ಬಾಕ್ಸಿನ ಕೆಳಗಿನಿಂದಲೇ ಒಳಹೋಗಲಿ. ವಿನೆಗರ್ ವಾಸನೆಯ ಸಿಲಿಕೋನ್ ಬಳಿಯಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಕ್ಯೂರ್ (ಆ ಆಮ್ಲ ಬಿಡದ ಸಿಲಿಕೋನ್) ಎಂದೇ ಕೇಳಿ.

ಇಷ್ಟಾದರೂ ಬೀಳುತ್ತಿದ್ದರೆ ಸಾಲನ್ನು ಎರಡು ಆರ್‌ಸಿಸಿಬಿಗೆ ಹಂಚಿ. ಒಂದೊಂದು ಡ್ರೈವರ್ ಸಹಜವಾಗಿಯೇ ಅರ್ಧ ಮಿಲಿ ಆಂಪಿಯರ್ ಸೋರಿದರೂ 24ಕ್ಕೆ 12 ಆಯಿತು. 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು.

ಪ್ರಶ್ನೆ: ಅಲ್ಲಿನ ಕಮಾನಿಗೆ 12 ವೋಲ್ಟ್‌ನ 5 ಮೀಟರ್ ಎಲ್‌ಇಡಿ ಪಟ್ಟಿ ಇದೆ. ಪ್ಯಾನೆಲ್ 15 ಮೀಟರ್ ದೂರ. ಎಸ್‌ಎಂಪಿಎಸ್ (ಮೇನ್ ಕರೆಂಟನ್ನು 12 ವೋಲ್ಟ್‌ಗೆ ಇಳಿಸುವ ಪವರ್ ಸಪ್ಲೈ) ಬದಲಿಸಿದರೂ ಮಂಕು.

ಉತ್ತರ: ತೊಂದರೆ ಇರುವುದು ತಂತಿಯ ಉದ್ದದಲ್ಲಿ. ಮೀಟರಿಗೆ 14.4 ವ್ಯಾಟ್‌ನ ಪಟ್ಟಿಯಾದರೆ 6 ಆಂಪಿಯರ್ ಎಳೆಯುತ್ತದೆ. ತಂತಿ 2.5 ಚದರ ಮಿ.ಮೀ. ತಾಮ್ರದ್ದೇ ಇದ್ದರೂ ಹೋಗಿಬರುವ 30 ಮೀಟರ್‌ನಲ್ಲಿ ಸುಮಾರು 1.3 ವೋಲ್ಟ್ ಕಳೆದುಹೋಗುತ್ತದೆ. 24 ವೋಲ್ಟ್ ಪಟ್ಟಿಗೆ 3 ಆಂಪಿಯರ್ ಸಾಕು, ನಷ್ಟ 0.7 ವೋಲ್ಟ್ ಮಾತ್ರ. ಪಟ್ಟಿ, ಎಸ್‌ಎಂಪಿಎಸ್ ಎರಡನ್ನೂ 24ಕ್ಕೆ ಬದಲಿಸಿ. 72 ವ್ಯಾಟ್ ಲೋಡಿಗೆ 100 ವ್ಯಾಟ್‌ನದು ತನ್ನಿ. ಪೂರ್ತಿ ಲೋಡಿನಲ್ಲಿ ಕಾದರೆ ಕೆಪಾಸಿಟರ್ ಬೇಗ ಸಾಯುತ್ತದೆ.

ಪ್ರಶ್ನೆ: ಆಗಸ್ಟ್ 15ಕ್ಕೆ ಪ್ಲಾಟ್‌ಫಾರಂನಲ್ಲೂ ಸೀರಿಯಲ್ ಸೆಟ್ ಕಟ್ಟಬಹುದೇ?

ಉತ್ತರ: ನೀವಾಗಿ ಬೇಡ. ವಿದ್ಯುದೀಕರಣವಾದ ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ; ಮುಟ್ಟದೆ ಹತ್ತಿರ ಹೋದರೂ ಹೊಡೆಯುತ್ತದೆ. ಸ್ಟೇಷನ್ ಮಾಸ್ಟರ್‌ಗೆ ಬರೆದುಕೊಡಿ, ರೈಲ್ವೆಯ ವಿದ್ಯುತ್ ವಿಭಾಗದವರೇ ಕಟ್ಟಲಿ.