ಹಂಚು ತಿರುಗಿಸಿ ನೋಡಿ

ನಮಸ್ಕಾರ,

ಮಂಗಳೂರಿನ ಜೆಪ್ಪು ಹಂಚಿನ ಕಾರ್ಖಾನೆಯ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕುವುದು ಕಷ್ಟ. ಸುಮ್ನೆ ಬಿಟ್ಟುಬಿಡಲೂ ಮನಸ್ಸಾಗಲಿಲ್ಲ.

ಮೊದಲು ಒಂದು ತಪ್ಪು. ಅಜ್ಜನ ಮನೆಯ ಹಂಚಿನ ಹಿಂದೆ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865' ಎಂದಿದೆ, ಹಾಗಾಗಿ ಮನೆಯೂ ಅಷ್ಟೇ ಹಳೆಯದು ಎಂದಿದ್ದೀರಿ. ಅದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಈ ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಎಷ್ಟೋ ವರ್ಷ ಬಿಟ್ಟು ಮಾಡಿದ ಹಂಚಿಗೂ ಅದೇ ಅಂಕಿ ಬೀಳುತ್ತಿತ್ತು. ಬೇಜಾರು ಬೇಡ, ಕರಾವಳಿಯಲ್ಲಿ ಬಹಳ ಜನ ಹೀಗೇ ಲೆಕ್ಕ ಹಾಕುತ್ತಾರೆ.

ಮಾಲೀಕರು ಬದಲಾದ ಕತೆಯೇ ಈ ಲೇಖನದ ಜೀವ, ಅಲ್ವಾ? ನೀವೋ 'ಕಾಲಾನಂತರದಲ್ಲಿ ಆಡಳಿತ ಹಸ್ತಾಂತರವಾಯಿತು' ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಇದು ಸುತ್ತೋಲೆಯ ಕನ್ನಡ. ಆದದ್ದೇನು? 1914ರಲ್ಲಿ ಯುದ್ಧ ಶುರುವಾಯಿತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಆದರೆ ಇಲ್ಲಿಗೆ ಬಂದ ಮಿಷನ್ನಿನವರಲ್ಲಿ ಜರ್ಮನರೇ ಜಾಸ್ತಿ. ಬ್ರಿಟಿಷರ ಲೆಕ್ಕದಲ್ಲಿ ಶತ್ರುಗಳು. ಪಾದ್ರಿಗಳು ಊರು ಬಿಡಬೇಕಾಯಿತು. ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ನದಿ ದಂಡೆಯ ಜೇಡಿಮಣ್ಣು ಅದೇ, ಹಂಚಿನ ಆಕಾರ ಅದೇ. ಬೆನ್ನ ಮೇಲಿನ ಹೆಸರು ಬೇರೆ. ಆ ಎರಡು ಹೆಸರಿನ ಹಂಚೂ ಮನೆಯ ಒಂದೇ ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಸಿಕ್ಕರೆ ನಿಮ್ಮ ಲೇಖನ ಅರ್ಧ ಗೆದ್ದ ಹಾಗೆ.

ಕಾರ್ಖಾನೆ ಹಾಕಿದ ಜಾರ್ಜ್ ಪ್ಲೆಬ್ಸ್ಟ್‌ನ ಹೊಗಳಿಕೆಗೆ ಮೂರು ಪ್ಯಾರಾ ಇದೆ, ಒಂದು ಸಾಕು. ಧರ್ಮ ಹೇಳಲು ಬಂದವರು ಹಂಚು ಯಾಕೆ ಮಾಡಿದರು, ಅದನ್ನು ಬರೆಯಿರಿ. ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಅವರ ಕಳ್ಳು ಇಳಿಸುವ ಮೂರ್ತೆ ಕಸುಬು ಮಿಷನ್ನಿಗೆ ಒಪ್ಪಿಗೆಯಿರಲಿಲ್ಲ. ಕಸುಬು ಬಿಟ್ಟವರ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಇದನ್ನು ಬಿಟ್ಟು 'ಸಮಾಜಸೇವೆ' ಎಂದರೆ ಏನೂ ಹೇಳಿದಂತಾಗುವುದಿಲ್ಲ.

ಒಂದು ಕಡೆ ಮಾತ್ರ ನಿಂತು ಓದಿದೆ. ಮಳೆಗಾಲಕ್ಕೆ ಮುಂಚೆ ನಿಮ್ಮ ಅಜ್ಜಿ ಒಳಗಿನಿಂದ ಬಿದಿರಿನ ಕೋಲಲ್ಲಿ ಒಡೆದ ಹಂಚನ್ನು ತಟ್ಟಿ, ಮಾಡಿನ ಮೇಲೆ ಕೂತವನಿಗೆ 'ಇದು, ಇದು' ಎನ್ನುವುದು. ಅದು ಕೊನೆಯ ಪುಟದಲ್ಲಿ ಅಡಗಿ ಕೂತಿದೆ. ಅಲ್ಲಿಂದಲೇ ಶುರು ಮಾಡಿ. 'ಛಾವಣಿಯ ಆಧಾರ ಚೌಕಟ್ಟು' ತೆಗೆದುಹಾಕಿ, ಮನೆಯಲ್ಲಿ ಹೇಳುವ ಹಾಗೆ ಪಕ್ಕಾಸು, ರೀಪು ಎಂದೇ ಬರೆಯಿರಿ.

ತಿದ್ದಿ ಕಳಿಸುವಾಗ ಹಂಚಿನ ಬೆನ್ನಿನ ಫೋಟೋ ಒಂದು ಜೊತೆಗಿರಲಿ.