ರಾತ್ರಿ ಪಾಳಿಗೆ ದೇಹ ಒಗ್ಗಿಕೊಳ್ಳುತ್ತದೆಯೇ? ಹಗಲು ನಿದ್ದೆ ರಾತ್ರಿ ನಿದ್ದೆಗೆ ಸಮವೇ?

ಕಾರ್ಖಾನೆಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ಪಾಳಿ ಹೊಸದಾಗಿ ಶುರುವಾಗಿದೆ ಎಂದು ಬರೆದಿದ್ದೀರಿ. ಮನೆಗೆ ಬಂದು ಮಲಗಿದರೆ ನಾಲ್ಕೈದು ಗಂಟೆಯೊಳಗೇ ಎಚ್ಚರ, ಆಮೇಲೆ ಸಂಜೆಯವರೆಗೂ ತಲೆ ಭಾರ. ಜೊತೆಗಿರುವ ಹಳಬರು ಮಾತ್ರ ‘ತಿಂಗಳೊಳಗೆ ಅಭ್ಯಾಸವಾಗುತ್ತದೆ ಬಿಡು’ ಎನ್ನುತ್ತಾರೆ. ಅದು ನಿಜವೇ ಎಂಬುದು ನಿಮ್ಮ ಪ್ರಶ್ನೆ.

ನಾನು ಸ್ಟಾಫ್ ನರ್ಸ್. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ನೈಟ್ ಡ್ಯೂಟಿ ನನ್ನ ವೃತ್ತಿಯುದ್ದಕ್ಕೂ ಸರದಿಯ ಮೇಲೆ ಬಂದಿದೆ, ಈಗಲೂ ಬರುತ್ತಿದೆ. ಹಳಬರ ಮಾತಿನಲ್ಲಿ ಅರ್ಧ ನಿಜವಿದೆ. ದಣಿವು ದಣಿವೆಂದು ತೋರದಿರುವುದು ಅಭ್ಯಾಸವಾಗುತ್ತದೆ. ದಣಿವು ಎಲ್ಲಿಗೂ ಹೋಗಿರುವುದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಆರೋಗ್ಯವಂತರನ್ನು ಗುಂಪು ಮಾಡಿ, ಎರಡು ವಾರ ಒಂದು ಗುಂಪಿಗೆ ದಿನಕ್ಕೆ ನಾಲ್ಕು ಗಂಟೆ, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಎಂಟು ಗಂಟೆ ಹಾಸಿಗೆ ಕೊಟ್ಟರು. ಎರಡು ವಾರ ಮುಗಿಯುವಷ್ಟರಲ್ಲಿ ನಾಲ್ಕು ಮತ್ತು ಆರು ಗಂಟೆಯವರ ಗಮನಶಕ್ತಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ನನ್ನನ್ನು ಬೆಚ್ಚಿಸಿದ್ದು ಅದಲ್ಲ. ‘ನಿದ್ದೆ ಎಳೆಯುತ್ತಿದೆಯೇ’ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ: ಮೊದಲ ಕೆಲವು ದಿನ ಸ್ವಲ್ಪ ಇತ್ತು, ಈಗ ಹೆಚ್ಚೇನೂ ಇಲ್ಲ! ಗಮನಶಕ್ತಿ ದಿನೇ ದಿನೇ ಇಳಿಯುತ್ತಿದ್ದರೂ ಇಳಿಯುತ್ತಿದೆ ಎಂಬ ಅರಿವು ನಡುವೆಯೇ ನಿಂತುಹೋಗಿತ್ತು. ವಾರ್ಡಿನಲ್ಲಿ ಯಾರಾದರೂ ‘ನನಗೆ ನೈಟ್ ಏನೂ ಅನ್ನಿಸುವುದೇ ಇಲ್ಲ’ ಎಂದರೆ ಆ ಮಾತನ್ನು ನಾನು ಹೊಗಳಿಕೆಯಾಗಿ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಬೆಳಿಗ್ಗೆ ಅಷ್ಟು ಸುಸ್ತಾಗಿ ಬಂದು ಮಲಗಿದವರಿಗೆ ಹನ್ನೊಂದು, ಹನ್ನೆರಡಕ್ಕೆ ಎಚ್ಚರವಾಗುವುದೇಕೆ? ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಶೇಖರವಾಗುತ್ತಾ ನಿದ್ದೆಯ ಒತ್ತಡವನ್ನು ಏರಿಸುತ್ತದೆ. ಇದು ಹಗಲೋ ರಾತ್ರಿಯೋ ಎಂದು ನೋಡುವುದಿಲ್ಲ. ಎರಡನೆಯದು ದೇಹದ ಗಡಿಯಾರ. ಮಿದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಜೀವಕೋಶಗಳ ಗುಂಪೊಂದಿದೆ. ಕಣ್ಣಿಗೆ ಬಿದ್ದ ಬೆಳಕನ್ನು ನೋಡಿಕೊಂಡು ಅದು ಇಡೀ ದೇಹಕ್ಕೆ ಹೊತ್ತು ಹೇಳುತ್ತದೆ. ಕತ್ತಲಾದಾಗ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವುದು, ನಸುಕಿನ ನಾಲ್ಕು ಐದರ ಸುಮಾರಿಗೆ ದೇಹದ ಉಷ್ಣತೆಯನ್ನು ಅತಿ ಕೆಳಕ್ಕೆ ಇಳಿಸುವುದು, ಬೆಳಗಾದಾಗ ಮತ್ತೆ ಏರಿಸುವುದು ಎಲ್ಲವೂ ಅದರ ಹತೋಟಿಯಲ್ಲಿವೆ. ನೀವು ಏಳು ಗಂಟೆಗೆ ಹಾಸಿಗೆಗೆ ಬಿದ್ದಾಗ ಮೊದಲನೆಯದು ‘ಮಲಗು’ ಎನ್ನುತ್ತಿರುತ್ತದೆ, ಎರಡನೆಯದು ‘ಏಳು’ ಎನ್ನುತ್ತಿರುತ್ತದೆ. ನಾಲ್ಕೈದು ಗಂಟೆ ಮಲಗಿ ಅಡಿನೋಸಿನ್ ಕಡಿಮೆಯಾಯಿತೋ, ಗಡಿಯಾರ ಗೆದ್ದಿತು.

ಹಗಲು ನಿದ್ದೆ ಸಮವೇ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಗಾಢ ನಿದ್ದೆ ಮೊದಲ ಕೆಲವು ಗಂಟೆಗಳಲ್ಲೇ ಬಂದುಬಿಡುವುದರಿಂದ ಅದು ಹಗಲಲ್ಲೂ ಹೆಚ್ಚುಕಡಿಮೆ ದಕ್ಕುತ್ತದೆ. ಕತ್ತರಿ ಬೀಳುವುದು ಕೊನೆಯ ಭಾಗಕ್ಕೆ, ಅಂದರೆ ಕನಸು ಹೆಚ್ಚಾಗಿ ಬೀಳುವ ನಿದ್ದೆಗೆ. ಕಲಿತದ್ದು ನೆನಪಿನಲ್ಲಿ ಕೂರುವುದಕ್ಕೂ ಮನಸ್ಸಿನ ಸಿಡಿಮಿಡಿ ತಗ್ಗುವುದಕ್ಕೂ ಆ ಭಾಗ ಬೇಕು. ರಾತ್ರಿ ಪಾಳಿಯ ವಾರದಲ್ಲಿ ಸಣ್ಣದಕ್ಕೂ ಕೋಪ ಬರುತ್ತಿದ್ದರೆ ನಿಮ್ಮ ಸ್ವಭಾವವನ್ನು ಹಳಿದುಕೊಳ್ಳಬೇಡಿ.

ಈ ಗಡಿಯಾರವನ್ನು ಮನಸ್ಸು ಮಾಡಿ ತಿರುಗಿಸಬಹುದೇ? 1938ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ನಥಾನಿಯೆಲ್ ಕ್ಲೈಟ್‌ಮನ್ ಮತ್ತು ಅವರ ವಿದ್ಯಾರ್ಥಿ ಬ್ರೂಸ್ ರಿಚರ್ಡ್‌ಸನ್ ಇದನ್ನೇ ತಿಳಿಯಲು ಕೆಂಟಕಿಯ ಮ್ಯಾಮತ್ ಗುಹೆಯೊಳಗೆ 32 ದಿನ ಇದ್ದರು. ಸೂರ್ಯನಿಲ್ಲ, ಸದ್ದಿಲ್ಲ, ಬಿಸಿಲು ಚಳಿಯ ಏರಿಳಿತವೂ ಇಲ್ಲ. ದಿನಕ್ಕೆ 28 ಗಂಟೆ ಎಂದು ಇಟ್ಟುಕೊಂಡು ಅದರಂತೆ ಮಲಗಿ ಎದ್ದರು. ಇಪ್ಪತ್ತರ ಹರೆಯದ ಶಿಷ್ಯನ ದೇಹ ಒಂದು ವಾರದಲ್ಲಿ ಹೊಂದಿಕೊಂಡಿತು. ನಲವತ್ತು ದಾಟಿದ್ದ ಗುರುವಿನ ದೇಹದ ಉಷ್ಣತೆ ಕೊನೆಯವರೆಗೂ 24 ಗಂಟೆಯ ಲೆಕ್ಕವನ್ನೇ ಹಿಡಿದುಕೊಂಡಿತ್ತು. ಗುಹೆಯೊಳಗೇ ಹೀಗಾದರೆ ಹೊರಗೆ ಇನ್ನೇನು! ಕಾರ್ಖಾನೆಯ ಟ್ಯೂಬ್‌ಲೈಟ್ ಬೆಳಕು ಲಕ್ಸ್ ಎಂಬ ಬೆಳಕಿನ ಅಳತೆಯಲ್ಲಿ ಕೆಲವು ನೂರು ಇರುತ್ತದೆ, ಬೆಳಗಿನ ಬಯಲು ಬಿಸಿಲು ಹತ್ತು ಸಾವಿರ ದಾಟುತ್ತದೆ. ರಾತ್ರಿಯಿಡೀ ಒಂದಿಷ್ಟು ಜರುಗಿದ ಗಡಿಯಾರವನ್ನು ನೀವು ಮನೆಗೆ ಬರುವ ಹಾದಿಯ ಬಿಸಿಲು ಮತ್ತೆ ಹಿಂದಿನ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಅಂದಹಾಗೆ, ಈ ಗಡಿಯಾರದ ಒಳಗುಟ್ಟನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಅದೇ ನೊಣಗಳನ್ನಿಟ್ಟುಕೊಂಡು ಇಂಥ ಕೆಲಸ ನಡೆದಿದೆ.

ಇನ್ನು ಅಪಾಯದ ಮಾತು. ನಮ್ಮಲ್ಲಿ ಮಧ್ಯರಾತ್ರಿ ಕಷ್ಟವಲ್ಲ, ಮೂರರಿಂದ ಐದು ಕಷ್ಟ. ಬೇಸಿಗೆಯಲ್ಲೂ ಆ ಹೊತ್ತಿಗೆ ಸ್ವೆಟರ್ ಬೇಕೆನಿಸುತ್ತದೆ. ಬಿ.ಪಿ. ಬರೆಯುವಾಗ ಅಂಕಿ ಹಿಂದುಮುಂದಾಗುತ್ತದೆ. ಔಷಧದ ಟ್ರೇಯಲ್ಲಿ ಶುದ್ಧ ನೀರಿನ ಹತ್ತು ಮಿಲಿಲೀಟರ್ ಆಂಪೂಲ್ ಮತ್ತು ಪೊಟ್ಯಾಸಿಯಂ ಕ್ಲೋರೈಡಿನ ಹತ್ತು ಮಿಲಿಲೀಟರ್ ಆಂಪೂಲ್ ಅಕ್ಕಪಕ್ಕ ಇಟ್ಟರೆ ನಿದ್ದೆಗಣ್ಣಿಗೆ ಎರಡೂ ಒಂದೇ. ಮೊದಲನೆಯದು ಪುಡಿ ಔಷಧ ಕರಗಿಸಲು. ಎರಡನೆಯದನ್ನು ಬೆರೆಸದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲುತ್ತದೆ. ಅದಕ್ಕೇ ನಮ್ಮ ವಾರ್ಡಿನಲ್ಲಿ ಪೊಟ್ಯಾಸಿಯಂ ಬೇರೆ ಕಪಾಟಿನಲ್ಲಿದೆ. ಒಬ್ಬರು ಆಂಪೂಲಿನ ಹೆಸರನ್ನು ಬಾಯಿಬಿಟ್ಟು ಓದಬೇಕು, ಇನ್ನೊಬ್ಬರು ಕೇಸ್ ಶೀಟ್ ನೋಡಿ ಹೌದೆನ್ನಬೇಕು. ಎಷ್ಟೇ ಅನುಭವಿಯಾಗಿದ್ದರೂ ವಿನಾಯಿತಿ ಇಲ್ಲ. ನಿಮ್ಮ ಕೆಲಸದಲ್ಲಿ ಪ್ರೆಸ್, ಲೇತ್, ಕ್ರೇನ್ ಇಂಥವೇನಾದರೂ ಇದ್ದರೆ ಆ ಎರಡು ಗಂಟೆಗೆ ನೀವೂ ಒಂದು ಕ್ರಮ ಮಾಡಿಕೊಳ್ಳಿ. ಕಷ್ಟದ ಸೆಟ್ಟಿಂಗ್ ಕೆಲಸವನ್ನು ಹನ್ನೆರಡರೊಳಗೆ ಮುಗಿಸಿ. ಆಮೇಲೆ ಮಾಡಲೇಬೇಕಾಗಿ ಬಂದರೆ ಪಕ್ಕದವರನ್ನು ಕರೆದು ತೋರಿಸಿ.

ಅದಕ್ಕಿಂತ ದೊಡ್ಡ ಅಪಾಯ ಬೆಳಿಗ್ಗೆ ಬೈಕ್ ಹತ್ತುವುದು. 17 ಗಂಟೆ ಸತತ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇರುವವರಷ್ಟೇ ಕೆಟ್ಟಿರುತ್ತದೆ ಎಂದು 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯಿದೆಯ ಮಿತಿ 30 ಮಿಲಿಗ್ರಾಂ. ಪಾಳಿಯ ಮೊದಲ ದಿನ ಬೆಳಿಗ್ಗೆ ಏಳಕ್ಕೆ ಎದ್ದು, ಮಧ್ಯಾಹ್ನ ಮಲಗದೆ, ರಾತ್ರಿ ದುಡಿದು ಮನೆಗೆ ಹೊರಟರೆ ನಿಮಗೆ 23 ಗಂಟೆಯ ಜಾಗರಣೆಯಾಗಿರುತ್ತದೆ. ಊದಿಸಿ ಹಿಡಿಯುವ ಪೊಲೀಸರು ಇದಕ್ಕಿಲ್ಲ, ಅಷ್ಟೇ. ಬಸ್ಸಿದ್ದರೆ ಬಸ್ಸು ಹಿಡಿಯಿರಿ. ಇಲ್ಲವಾದರೆ ಹೊರಡುವ ಮೊದಲು ಕ್ಯಾಂಟೀನಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಎದ್ದು ಮುಖ ತೊಳೆದು, ಮಂಪರು ಪೂರ್ತಿ ಹೋದ ಮೇಲೆ ಹೊರಡಿ.

ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ನನ್ನ ಮಟ್ಟಿಗೆ ಅದೇ ಮುಖ್ಯ: ಮನೆಯವರು ನಿಮ್ಮನ್ನು ಮಲಗಲು ಬಿಡುತ್ತಾರೆಯೇ? ರಾತ್ರಿ ಮೂರಕ್ಕೆ ಯಾರನ್ನಾದರೂ ಎಬ್ಬಿಸಿ ‘ಧನಿಯಾ ಪುಡಿ ಎಲ್ಲಿಟ್ಟಿದ್ದೀ’ ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಕೇಳುತ್ತಾರೆ. ಕುಕ್ಕರ್ ಕೂಗುತ್ತದೆ, ಸಿಲಿಂಡರಿನವನು ಬೆಲ್ ಒತ್ತುತ್ತಾನೆ, ತರಕಾರಿ ಗಾಡಿಯ ಧ್ವನಿವರ್ಧಕ ಟೊಮೆಟೊ ದರ ಸಾರುತ್ತದೆ, ಪಾರ್ಸೆಲ್ ತಂದವನು ಒಟಿಪಿಗಾಗಿ ಫೋನ್ ಮಾಡುತ್ತಾನೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಕಟ್ಟಿದವರು ನೈಟ್ ಡ್ಯೂಟಿ ಮುಗಿಸಿ ಬಂದವರಂತೂ ಅಲ್ಲ. ಪ್ರತಿ ಸಲ ಎಚ್ಚರವಾದಾಗಲೂ ಮತ್ತೆ ಗಾಢ ನಿದ್ದೆಗೆ ಇಳಿಯಲು ಹೊತ್ತು ಬೇಕು, ಹಗಲಿನಲ್ಲಿ ದೇಹದ ಗಡಿಯಾರ ಅದಕ್ಕೆ ಆಸ್ಪದ ಕೊಡುವುದು ಕಡಿಮೆ.

ಇಲ್ಲಿ ಗಂಡಸರಿಗೂ ಹೆಂಗಸರಿಗೂ ಇರುವ ವ್ಯತ್ಯಾಸ ಹೇಳದೆ ಮುಂದೆ ಹೋಗಲಾರೆ. ನಮ್ಮ ಬ್ರದರ್‌ಗಳು ನೈಟ್ ಮುಗಿಸಿ ಹೋದರೆ ಅವರ ಮನೆಯಲ್ಲಿ ಮಕ್ಕಳಿಗೆ ‘ಅಪ್ಪ ಮಲಗಿದ್ದಾರೆ, ಸದ್ದು ಮಾಡಬೇಡಿ’ ಎಂದು ಗದರುವವರಿದ್ದಾರೆ. ಸಿಸ್ಟರ್‌ಗಳು ಹೋದರೆ ಮಕ್ಕಳ ಬಟ್ಟೆ ನೆನೆಹಾಕಿ, ಮಧ್ಯಾಹ್ನದ ಅಡುಗೆಗೆ ಕೈ ಹಚ್ಚಿ, ಹತ್ತೂವರೆಗೆ ಮಲಗುತ್ತಾರೆ. ಮೂರಕ್ಕೆ ಶಾಲೆ ಬಿಡುತ್ತದೆ. ಅಕ್ಕಪಕ್ಕದವರು ‘ಹಗಲೆಲ್ಲ ಮಲಗಿರುತ್ತಾಳೆ’ ಎಂದು ಆಡಿಕೊಳ್ಳುವುದು ಬೇರೆ. ನೀವು ಯಾರೆಂದು ಪ್ರಶ್ನೆಯಿಂದ ತಿಳಿಯಲಿಲ್ಲ. ಹೆಣ್ಣಾಗಿದ್ದರೆ ಪರದೆ, ಕಣ್ಣುಪಟ್ಟಿಗಿಂತ ಮೊದಲು ಮನೆಯಲ್ಲಿ ಒಂದು ಮಾತು ಕಟುವಾಗಿಯೇ ಆಡಿ ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ. ಗಂಡಾಗಿದ್ದರೆ ನಿಮ್ಮ ನಿದ್ದೆಯನ್ನು ಕಾಯುತ್ತಿರುವವರು ಯಾರು, ಅವರು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂದು ಒಮ್ಮೆ ವಿಚಾರಿಸಿ.

ಇತ್ಯರ್ಥ ಅಂದರೆ ಇಷ್ಟು: ಏಳೂವರೆಯಿಂದ ಹನ್ನೆರಡೂವರೆಯವರೆಗೆ ನಿಮ್ಮ ಕೋಣೆಯ ಬಾಗಿಲು ಯಾರೂ ತಟ್ಟಕೂಡದು. ಬೆಲ್ಲಿನ ಸ್ವಿಚ್ ಆರಿಸಿ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಇಲ್ಲದಿದ್ದರೆ ಎರಡು ಮಡಿಕೆ ಹಳೆಯ ಜಮಖಾನ. ಫ್ಯಾನಿನ ಸದ್ದು ಹೊರಗಿನ ಸದ್ದನ್ನು ಮುಚ್ಚುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿ. ಬಸ್ಸಿನಲ್ಲಿ ಬರುವವರಾದರೆ ದಾರಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಳ್ಳಿ, ಬಿಸಿಲು ಗಡಿಯಾರವನ್ನು ಕೆಣಕುವುದು ಸ್ವಲ್ಪ ತಗ್ಗುತ್ತದೆ. ಬಂದ ಕೂಡಲೇ ನಾಲ್ಕು ಪೂರಿ ತಿಂದು ಮಲಗಬೇಡಿ. ರಾತ್ರಿ ನಿದ್ದೆಗೆಟ್ಟವರು ಕೆಟ್ಟ ಹೊತ್ತಿನ ಅರ್ಧದಷ್ಟನ್ನು ಬೆಳಿಗ್ಗೆ ಊಟಕ್ಕೆ ಮೊದಲು ಮಲಗಿ ತೀರಿಸಬೇಕೆಂದು ವಾಗ್ಭಟ ಅಷ್ಟಾಂಗಹೃದಯದಲ್ಲೇ ಬರೆದಿದ್ದಾನೆ. ಊಟದ ಮಾತು ನನಗೆ ಒಪ್ಪಿಗೆ. ಅರ್ಧ ಸಾಲದು. ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ಬೇಕು. ಬೆಳಿಗ್ಗೆ ಐದು ಸಿಕ್ಕಿದ್ದರೆ ಉಳಿದ ಎರಡನ್ನು ಸಂಜೆ ಡ್ಯೂಟಿಗೆ ಹೊರಡುವ ಮೊದಲು ಮಲಗಿ ತುಂಬಿಸಿ. ಒಂದೇ ಉಸಿರಿಗೆ ಮಲಗಬೇಕೆಂದು ಹಟ ಹಿಡಿದು ಹೊರಳಾಡುವುದಕ್ಕಿಂತ ಇದು ಮೇಲು.

ಚಹಾ, ಕಾಫಿ ಬಿಡಿ ಎನ್ನುವುದಿಲ್ಲ, ನಾನೂ ಬಿಟ್ಟಿಲ್ಲ. ಕೆಫೀನ್ ಅಡಿನೋಸಿನ್ ಕೂರುವ ಜಾಗದಲ್ಲಿ ತಾನು ಕುಳಿತು ದಣಿವು ತಿಳಿಯದಂತೆ ಮಾಡುತ್ತದೆ, ಕುಡಿದದ್ದರಲ್ಲಿ ಅರ್ಧ ಇಳಿಯಲು ಐದಾರು ಗಂಟೆ ಬೇಕು. ಆದ್ದರಿಂದ ರಾತ್ರಿ ಎರಡು ಗಂಟೆಯ ಲೋಟವೇ ಕೊನೆಯದಾಗಲಿ. ನಿದ್ದೆಗಾಗಿ ಬೆಳಿಗ್ಗೆ ಒಂದು ಪೆಗ್ ಎನ್ನುವವರ ಮಾತು ಕೇಳಬೇಡಿ, ಬೇಗ ನಿದ್ದೆ ಬಂದು ಬೇಗ ಒಡೆಯುತ್ತದೆ. ಮೆಡಿಕಲ್ ಶಾಪಿನವರು ಪರಿಚಯದ ಮೇಲೆ ಕೊಡುವ ಅಲ್ಪ್ರಜೋಲಾಂ ಮಾತ್ರೆಯಂತೂ ಬೇಡವೇ ಬೇಡ. ಅದು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧ, ಬಿಡಿಸಿಕೊಳ್ಳುವುದು ಕಷ್ಟ.

ಪಾಳಿ ಬದಲಾಗುವ ಭಾನುವಾರ ಇನ್ನೊಂದು ತೊಡಕು. ತಡರಾತ್ರಿ ದಾಟುವ ಪಾಳಿಯವರಿಗೆ ವಾರದ ರಜೆಯೆಂದರೆ ಪಾಳಿ ಮುಗಿದ ಗಳಿಗೆಯಿಂದ 24 ಗಂಟೆ ಎಂಬ ನಿಯಮ 1948ರ ಕಾರ್ಖಾನೆಗಳ ಕಾಯಿದೆಯಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಬಿಟ್ಟು ಸೋಮವಾರ ಬೆಳಿಗ್ಗೆ ಆರಕ್ಕೆ ಮೊದಲ ಪಾಳಿಗೆ ಬರಹೇಳಿದರೆ ಆ ಲೆಕ್ಕ ಸರಿಹೋಗುತ್ತದೆ, ದೇಹದ ಲೆಕ್ಕ ಹೋಗುವುದಿಲ್ಲ. ಆ ದಿನ ಬೆಳಿಗ್ಗೆ ಎರಡು ಗಂಟೆ ಮಾತ್ರ ಮಲಗಿ ಎದ್ದುಬಿಡಿ, ಬಿಸಿಲಿನಲ್ಲಿ ಓಡಾಡಿ, ರಾತ್ರಿ ಒಂಬತ್ತಕ್ಕೆ ಮಲಗಿ. ಸೂಪರ್‌ವೈಸರ್ ಮಾತು ಕೇಳುವವರಾದರೆ ಪಾಳಿಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಮುಂದಕ್ಕೆ ತಿರುಗಿಸಲು ಹೇಳಿ. ಹಿಂದಕ್ಕೆ ತಿರುಗಿಸುವುದಕ್ಕಿಂತ ಇದು ದೇಹಕ್ಕೆ ಸುಲಭ.

ಹೆದರಿಸುತ್ತಿಲ್ಲ, ಆದರೆ ಮುಚ್ಚಿಡುವುದೂ ಸರಿಯಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿದೆ. ಸಕ್ಕರೆ ಕಾಯಿಲೆ, ಹೃದ್ರೋಗಗಳ ಸಾಧ್ಯತೆಯೂ ಹೆಚ್ಚುತ್ತದೆ. ಸಂಬಳಕ್ಕಾಗಿ ಮಾಡುವ ಕೆಲಸ, ನಾಳೆಯೇ ಬಿಡಲಾಗದು ಎಂಬುದು ನನಗೂ ಗೊತ್ತು. ವರ್ಷಕ್ಕೊಮ್ಮೆ ಸಕ್ಕರೆ, ಬಿ.ಪಿ. ನೋಡಿಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಮೂರು ತಿಂಗಳ ನಂತರವೂ ಹಗಲು ನಿದ್ದೆ ಬಾರದೆ, ಕೆಲಸದಲ್ಲಿ ತೂಕಡಿಕೆ ನಿಲ್ಲದಿದ್ದರೆ ಅದಕ್ಕೆ ವೈದ್ಯಕೀಯದಲ್ಲಿ ಹೆಸರೂ ಇದೆ, ಚಿಕಿತ್ಸೆಯೂ ಇದೆ. ವೈದ್ಯರ ಬಳಿ ಹೋಗುವ ಮೊದಲು ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಕುಡಿದ ಚಹಾ, ಪಾಳಿ ಬದಲಾದ ದಿನ ಇವಿಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಜೊತೆಗೆ ಒಯ್ಯಿರಿ. ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಗೊರಕೆ ಹೊಡೆಯುವ ಅಭ್ಯಾಸವಿದೆಯೇ ಎಂದು ಅವರು ಕೇಳಿದರೆ ನೀವು ಉತ್ತರಿಸಲು ಹೋಗಬೇಡಿ, ಅದನ್ನು ಪಕ್ಕದಲ್ಲಿ ಮಲಗುವವರೇ ಹೇಳಲಿ.